‘ಬೆಲೆ ಇಳಿದಿದೆ’ ಎಂಬ ಚೀಟಿಯ ಹಿಂದೆ

ಓರಿಯೋ ಬಿಸ್ಕತ್ತಿನ ಒಂದು ಪೊಟ್ಟಣದ ಜಾತಕ ನೋಡಿ. 370 ಗ್ರಾಂ ತೂಕದ ಫ್ಯಾಮಿಲಿ ಪ್ಯಾಕ್. ಆಸ್ಟ್ರೇಲಿಯಾದ ವೂಲ್‌ವರ್ತ್ಸ್ ಸೂಪರ್‌ಮಾರ್ಕೆಟ್‌ಗಳಲ್ಲಿ 2021ರ ಜನವರಿಯಿಂದ 2022ರ ನವೆಂಬರ್ ಕೊನೆಯ ವಾರದವರೆಗೆ, ಅಂದರೆ 696 ದಿನ, ಅದರ ಮಾಮೂಲಿ ಬೆಲೆ 3.50 ಡಾಲರ್. ನವೆಂಬರ್ 28ರಂದು ಅದು ಒಮ್ಮೆಲೇ 5 ಡಾಲರ್‌ಗೆ ಜಿಗಿಯಿತು. 22 ದಿನ ಹಾಗೇ ಇತ್ತು. ಡಿಸೆಂಬರ್ 20ಕ್ಕೆ ಕಪಾಟಿನ ಅಂಚಿನಲ್ಲಿ ಹೊಸ ಚೀಟಿ ಬಂತು: ‘ಪ್ರೈಸಸ್ ಡ್ರಾಪ್ಡ್’. ಬೆಲೆ ಇಳಿದಿದೆ! ಹಿಂದೆ 5 ಡಾಲರ್, ಈಗ ಬರೀ 4.50.

ಕ್ರಿಸ್‌ಮಸ್‌ಗೆ ಐದು ದಿನ ಮೊದಲು ಗಾಡಿ ತಳ್ಳಿಕೊಂಡು ಬಂದ ಗೃಹಿಣಿಗೆ ಅರ್ಧ ಡಾಲರ್ ಉಳಿಯಿತೆಂಬ ಸಮಾಧಾನ. ಒಂದು ತಿಂಗಳ ಹಿಂದಿನ ಬೆಲೆಗೆ ಹೋಲಿಸಿದರೆ ಅವಳು ಒಂದು ಡಾಲರ್ ಹೆಚ್ಚು ಕೊಟ್ಟಿದ್ದಳು, ಶೇ 29ರಷ್ಟು. ಒಂದು ಆಸ್ಟ್ರೇಲಿಯನ್ ಡಾಲರ್ ಎಂದರೆ ನಮ್ಮ ಅರುವತ್ತು ರೂಪಾಯಿಯ ಆಸುಪಾಸು. ಬಿಸ್ಕತ್ತಿನ ಮಟ್ಟಿಗೆ ಅದು ಸಣ್ಣ ಮೊತ್ತ. ಆದರೆ ಇಂಥ ಚೀಟಿ ಬಿಸ್ಕತ್ತಿಗೊಂದೇ ಅಂಟಿರಲಿಲ್ಲ.

2024ರ ಸೆಪ್ಟೆಂಬರ್ 23ರಂದು ಆಸ್ಟ್ರೇಲಿಯಾದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ (ಅಲ್ಲಿ ಎಲ್ಲರ ಬಾಯಲ್ಲೂ ಅದು ಎಸಿಸಿಸಿ) ದೇಶದ ಎರಡು ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಗಳ ಮೇಲೆ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿತು. ವೂಲ್‌ವರ್ತ್ಸ್ 20 ತಿಂಗಳಲ್ಲಿ 266 ವಸ್ತುಗಳಿಗೆ, ಕೋಲ್ಸ್ 15 ತಿಂಗಳಲ್ಲಿ 245 ವಸ್ತುಗಳಿಗೆ ಇದೇ ಆಟ ಆಡಿವೆ ಎನ್ನುವುದು ಆರೋಪ. ಬೆಲೆಯನ್ನು ಕನಿಷ್ಠ ಶೇ 15ರಷ್ಟು ಏರಿಸುವುದು, ಕೆಲವು ವಾರ ಅಲ್ಲೇ ಇಡುವುದು, ಆಮೇಲೆ ಸ್ವಲ್ಪ ಇಳಿಸಿ ‘ಇಳಿದಿದೆ’ ಎಂದು ಬೋರ್ಡು ಹಾಕುವುದು. ಹಾಗೆ ಇಳಿಸಿದ ಬೆಲೆ ಹಳೆಯ ಬೆಲೆಗಿಂತ ಮೇಲೇ ಇರುತ್ತಿತ್ತು, ಇಲ್ಲವೇ ಅಷ್ಟೇ ಆಗಿರುತ್ತಿತ್ತು. ಎಷ್ಟೋ ವಸ್ತುಗಳಲ್ಲಿ, ಬೆಲೆ ಏರಿಸುವ ಮೊದಲೇ ಅದನ್ನು ಮುಂದೆ ‘ಇಳಿಕೆ’ ಪಟ್ಟಿಗೆ ಸೇರಿಸುವ ಯೋಜನೆ ತಯಾರಾಗಿತ್ತು ಎಂದೂ ಆಯೋಗ ಹೇಳಿತು. ಕೋಲ್ಸ್‌ನ ‘ಡೌನ್ ಡೌನ್’ ಜಾಹೀರಾತು ಅಲ್ಲಿನ ಮಕ್ಕಳಿಗೂ ಗೊತ್ತು. ಕೆಳಗೆ ಬೆರಳು ತೋರಿಸುವ ದೊಡ್ಡ ಕೆಂಪು ಕೈ ಅದರ ಗುರುತು.

ಕಂಪನಿಗಳು ಇದನ್ನು ಒಪ್ಪಿಲ್ಲ. ಕೋಲ್ಸ್‌ನ ವಾದ ಹೀಗಿದೆ: ಅದು ಹಣದುಬ್ಬರ ತಾರಕಕ್ಕೇರಿದ್ದ ಕಾಲ, ಸರಬರಾಜುದಾರರು ಒಬ್ಬರ ಹಿಂದೊಬ್ಬರು ದರ ಏರಿಸಿಕೊಂಡು ಬಂದರು, ಹೊಸ ಬೆಲೆ ನಿಜವಾದ ಬೆಲೆಯೇ, ಅದರ ಮೇಲಿನ ಕಡಿತವೂ ನಿಜವಾದದ್ದೇ. ಈ ವಾದವನ್ನು ಪೂರಾ ತಳ್ಳಿಹಾಕುವಂತಿಲ್ಲ. ಹಳೆಯ ಬೆಲೆ ಯಾವುದು? ನಿನ್ನೆಯದೋ, ಹೋದ ತಿಂಗಳದ್ದೋ, ಹೋದ ವರ್ಷದ್ದೋ? ಒಂದು ಬೆಲೆ ಎಷ್ಟು ದಿನ ಚಾಲ್ತಿಯಲ್ಲಿದ್ದರೆ ಅದನ್ನು ‘ಹಿಂದಿನ ಬೆಲೆ’ ಎಂದು ಕರೆಯಬಹುದು? ಅಂಗಡಿಯವರು ಇಷ್ಟು ದಿನ ಈ ಪ್ರಶ್ನೆಗೆ ತಮಗೆ ತೋಚಿದ ಉತ್ತರ ಕೊಟ್ಟುಕೊಂಡಿದ್ದರು. ಈಗ ಸರ್ಕಾರ ಕೇಳುತ್ತಿದೆ.

ಇಬ್ಬರೇ ಅಂಗಡಿಯವರ ದೇಶ

ಆಸ್ಟ್ರೇಲಿಯಾದಲ್ಲಿ ಸೂಪರ್‌ಮಾರ್ಕೆಟ್ ಬೆಲೆ ಚುನಾವಣೆಯ ವಿಷಯ ಏಕಾಗುತ್ತದೆ ಎಂದು ತಿಳಿಯಬೇಕಾದರೆ ಎರಡು ಅಂಕಿ ಸಾಕು. ಸೂಪರ್‌ಮಾರ್ಕೆಟ್ ದಿನಸಿ ವ್ಯಾಪಾರದಲ್ಲಿ ವೂಲ್‌ವರ್ತ್ಸ್ ಪಾಲು ಶೇ 38, ಕೋಲ್ಸ್ ಪಾಲು ಶೇ 29. ನೂರು ಡಾಲರ್ ದಿನಸಿಯಲ್ಲಿ 67 ಡಾಲರ್ ಇಬ್ಬರ ಗಲ್ಲಾಪೆಟ್ಟಿಗೆಗೆ. ಜರ್ಮನಿಯ ಆಲ್ಡಿ 2001ರಲ್ಲಿ ಬಂದು ಈಗ ಶೇ 9ರಷ್ಟು ಹಿಡಿದಿದೆ. ಸಣ್ಣ ಸ್ವತಂತ್ರ ಅಂಗಡಿಗಳಿಗೆ ಮೆಟ್‌ಕ್ಯಾಶ್ ಎಂಬ ಸಗಟು ಕಂಪನಿ ಸರಕು ಕೊಡುತ್ತದೆ. ಅವೆಲ್ಲ ಸೇರಿ ಶೇ 7. ಕೋಲ್ಸ್ 1914ರಲ್ಲಿ ಮೆಲ್ಬರ್ನಿನ ಕಾಲಿಂಗ್‌ವುಡ್‌ನಲ್ಲಿ, ವೂಲ್‌ವರ್ತ್ಸ್ 1924ರಲ್ಲಿ ಸಿಡ್ನಿಯಲ್ಲಿ ಶುರುವಾದ ಅಂಗಡಿಗಳು. ನೂರು ವರ್ಷದಲ್ಲಿ ಊರೂರಿನ ಒಳ್ಳೆಯ ಜಾಗಗಳೆಲ್ಲ ಇವುಗಳ ಕೈಸೇರಿವೆ. ಯುರೋಪಿನ ಇನ್ನೊಂದು ದೊಡ್ಡ ಸರಪಳಿ ಕೌಫ್‌ಲ್ಯಾಂಡ್ ಆಸ್ಟ್ರೇಲಿಯಾಕ್ಕೆ ಬರುತ್ತೇನೆಂದು ಜಾಗ ಕೊಂಡು, ಜನರನ್ನು ನೇಮಿಸಿಕೊಂಡು, ಕೊನೆಗೆ 2020ರ ಜನವರಿಯಲ್ಲಿ ಒಂದೇ ಒಂದು ಅಂಗಡಿ ತೆರೆಯದೆ ಗಂಟುಮೂಟೆ ಕಟ್ಟಿತು.

ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲೋ ಮೆಲ್ಬರ್ನಿನ ಡ್ಯಾಂಡೆನಾಂಗ್‌ನಲ್ಲೋ ಇರುವ ಕನ್ನಡಿಗರಿಗೆ ಒಂದು ಅನುಕೂಲವುಂಟು. ಅಕ್ಕಿ, ಬೇಳೆ, ರಾಗಿ ಹಿಟ್ಟು, ಸಾಂಬಾರ ಪದಾರ್ಥಕ್ಕೆ ಅವರು ಇಂಡಿಯನ್ ಅಂಗಡಿಗೆ ಹೋಗಬಹುದು. ಈ ಇಬ್ಬರ ಹಿಡಿತದ ಹೊರಗೆ ಅದೊಂದು ಬೇರೆ ಮಾರುಕಟ್ಟೆ. ಹಾಲು, ಮೊಟ್ಟೆ, ಬ್ರೆಡ್ಡು, ಸೋಪಿಗೆ ಮಾತ್ರ ಅವರೂ ಮತ್ತೆ ಆ ಎರಡರಲ್ಲೊಂದು ಬಾಗಿಲಿಗೇ ಬರಬೇಕು.

ಕೋವಿಡ್ ಕಳೆದ ಮೇಲೆ ಬೆಲೆಗಳು ಏರಿದವು, ಗೃಹಸಾಲದ ಬಡ್ಡಿಯೂ ಏರಿತು. ಜನರ ಸಿಟ್ಟು ಸೂಪರ್‌ಮಾರ್ಕೆಟ್‌ಗಳ ಮೇಲೆ ತಿರುಗಿತು. 2024ರ ಜನವರಿಯಲ್ಲಿ ಪ್ರಧಾನಿ ಆಂಟನಿ ಆಲ್ಬನೀಸ್ ಸರ್ಕಾರ ಎಸಿಸಿಸಿಗೆ ಇಡೀ ವರ್ಷದ ತನಿಖೆ ವಹಿಸಿತು. ಫೆಬ್ರುವರಿಯಲ್ಲಿ ಇದೇ ಆಯೋಗದ ಮಾಜಿ ಅಧ್ಯಕ್ಷ ಆಲನ್ ಫೆಲ್ಸ್ ಕಾರ್ಮಿಕ ಸಂಘಟನೆಗಳ ಪರವಾಗಿ ನಡೆಸಿದ ಬೇರೊಂದು ವಿಚಾರಣೆಯ ವರದಿ ಹೊರಬಿತ್ತು. ಅದೇ ತಿಂಗಳು ವೂಲ್‌ವರ್ತ್ಸ್ ಮುಖ್ಯಸ್ಥ ಬ್ರಾಡ್ ಬಂಡೂಚಿ ಟೀವಿ ಸಂದರ್ಶನವೊಂದರ ನಡುವೆ ಎದ್ದು ಹೊರನಡೆದರು. ಪ್ರಸಾರವಾದ ಆ ದೃಶ್ಯವನ್ನು ದೇಶವೇ ನೋಡಿತು. ಕೆಲವೇ ದಿನಗಳಲ್ಲಿ ಅವರ ನಿವೃತ್ತಿಯ ಘೋಷಣೆ ಬಂತು.

ಏಪ್ರಿಲ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಅವರು ಕುಳಿತಾಗ ನಡೆದದ್ದು ಇನ್ನೂ ಸ್ವಾರಸ್ಯ. ಗ್ರೀನ್ಸ್ ಪಕ್ಷದ ಸೆನೆಟರ್ ನಿಕ್ ಮೆಕಿಮ್ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು: ಷೇರುದಾರರ ಬಂಡವಾಳದ ಮೇಲೆ ನಿಮ್ಮ ಗಳಿಕೆ ಶೇಕಡಾ ಎಷ್ಟು? ಬಂಡೂಚಿ ಪ್ರತಿ ಸಲವೂ ಬೇರೆ ಲೆಕ್ಕ ಹೇಳಿದರು. ಉತ್ತರ ಕೊಡದಿದ್ದರೆ ಸೆನೆಟ್ ನಿಂದನೆಯಾಗುತ್ತದೆ, ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ ಎಂದು ಮೆಕಿಮ್ ಎಚ್ಚರಿಸಬೇಕಾಯಿತು.

ಇಷ್ಟು ಜಗ್ಗಾಟ ಒಂದು ಶೇಕಡಾವಾರಿಗೇಕೆ? ಇಲ್ಲಿ ಸೂಪರ್‌ಮಾರ್ಕೆಟ್ ವ್ಯಾಪಾರದ ಮರ್ಮ ಅಡಗಿದೆ. ಕಂಪನಿಗಳು ಹೇಳುವ ಲೆಕ್ಕ ಮಾರಾಟದ ಮೇಲಿನದು. ನೂರು ಡಾಲರ್ ಮಾರಿದರೆ ನಮಗೆ ಉಳಿಯುವುದು ಮೂರು ಡಾಲರಿನೊಳಗೆ, ಇದರಲ್ಲೇನು ಸುಲಿಗೆ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಕಪಾಟಿಗೆ ಇಟ್ಟ ಬ್ರೆಡ್ಡು ಅದೇ ದಿನ ಖಾಲಿಯಾಗುತ್ತದೆ, ಗಿರಾಕಿ ಅಲ್ಲೇ ದುಡ್ಡು ಕೊಡುತ್ತಾನೆ, ಸರಬರಾಜುದಾರನಿಗೆ ಹಣ ಸಂದಾಯವಾಗುವುದು ಕೆಲವು ವಾರದ ಮೇಲೆ. ಸ್ವಂತದ ಸ್ವಲ್ಪ ಬಂಡವಾಳ ವರ್ಷವಿಡೀ ಬಾರಿ ಬಾರಿ ತಿರುಗಿ, ಪ್ರತಿ ಸುತ್ತಿಗೂ ಮೂರು ಡಾಲರ್ ತಂದರೆ ವರ್ಷದ ಕೊನೆಗೆ ಆ ಬಂಡವಾಳದ ಮೇಲಿನ ಗಳಿಕೆ ದೊಡ್ಡದೇ ಆಗಿರುತ್ತದೆ. ನಮ್ಮೂರಿನ ದಿನಸಿ ಅಂಗಡಿ ಶೆಟ್ಟರಿಗೆ ಈ ಗುಟ್ಟು ಯಾವ ಸೆನೆಟರೂ ಹೇಳಿಕೊಡಬೇಕಿಲ್ಲ.

ತನಿಖೆ ಹೇಳಿದ್ದು

ಎಸಿಸಿಸಿಯ ಅಂತಿಮ ವರದಿ 2025ರ ಮಾರ್ಚ್ 21ರಂದು ಹೊರಬಂತು. ನಾನೂರಕ್ಕೂ ಹೆಚ್ಚು ಪುಟ, 20 ಶಿಫಾರಸು. ‘ಸುಲಿಗೆ ಸಾಬೀತಾಗಿದೆ’ ಎಂಬ ಒಂದು ಸಾಲಿಗಾಗಿ ಕಾದಿದ್ದವರಿಗೆ ಅದು ನಿರಾಶೆ ತಂದಿತು. ಆ ಸಾಲು ಅಲ್ಲಿರಲಿಲ್ಲ. ಇದ್ದದ್ದು ಹೀಗೆ: ಆಲ್ಡಿ, ಕೋಲ್ಸ್, ವೂಲ್‌ವರ್ತ್ಸ್ ಜಗತ್ತಿನ ಅತಿ ಲಾಭದಾಯಕ ಸೂಪರ್‌ಮಾರ್ಕೆಟ್‌ಗಳ ಸಾಲಿನಲ್ಲಿವೆ, ಐದು ಹಣಕಾಸು ವರ್ಷಗಳಲ್ಲಿ ಅವುಗಳ ಲಾಭಾಂಶ ಏರಿದೆ, ಗಿರಾಕಿ ಕೊಟ್ಟ ಹೆಚ್ಚಿನ ಬೆಲೆಯಲ್ಲಿ ಒಂದಿಷ್ಟಾದರೂ ಲಾಭವಾಗಿಯೇ ಸೇರಿದೆ, ದೊಡ್ಡವರಿಬ್ಬರಿಗೂ ಬೆಲೆಯಲ್ಲಿ ಜಿದ್ದಿಗೆ ಬೀಳುವ ಒತ್ತಡ ಕಡಿಮೆ.

ನನಗೆ ಈ ವರದಿಯಲ್ಲಿ ಹೆಚ್ಚು ಮುಖ್ಯವೆನಿಸಿದ್ದು ಕಪಾಟಿನ ಹಿಂದಿನ ಭಾಗ. ತರಕಾರಿ, ಹಣ್ಣು ಬೆಳೆಯುವ ರೈತ ಈ ಕಂಪನಿಗಳಿಗೆ ವಾರ ವಾರ ದರ ನಮೂದಿಸಿ ಕೊಡಬೇಕು. ಎಷ್ಟು ಮಾಲು ಬೇಕಾಗಬಹುದು ಎಂಬ ಅಂದಾಜನ್ನು ಕಂಪನಿ ಮೊದಲೇ ಕೊಟ್ಟಿರುತ್ತದೆ. ಅದನ್ನು ನಂಬಿ ಅವನು ನಾಟಿ ಮಾಡಿರುತ್ತಾನೆ. ಕೊಯ್ಲಿನ ವಾರ ಅಷ್ಟೇ ಕೊಳ್ಳುವ ಬಾಧ್ಯತೆ ಕಂಪನಿಗಿಲ್ಲ. ಕಿತ್ತ ಸೊಪ್ಪು ಕಾಯುವುದಿಲ್ಲ. ಕೊಳ್ಳುವವರು ಇಬ್ಬರೇ ಇರುವಾಗ ‘ಬೇರೆಯವರಿಗೆ ಮಾರುತ್ತೇನೆ’ ಎಂಬ ಮಾತಿಗೆ ಬೆಲೆಯಿಲ್ಲ. ಬಾಯಿ ಬಿಟ್ಟು ದೂರು ಕೊಟ್ಟರೆ ಮುಂದಿನ ವಾರ ಆರ್ಡರ್ ಬಾರದೆಂಬ ಭಯದಿಂದ ಎಷ್ಟೋ ಜನ ಸರಬರಾಜುದಾರರು ಸುಮ್ಮನಿರುತ್ತಾರೆ. ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸಿನ ಬೆಲೆ ಬಿದ್ದಾಗ ರಸ್ತೆಗೆ ಸುರಿಯುವ ನಮ್ಮ ರೈತನಿಗೆ ಹರಾಜು ಕಣ್ಣೆದುರೇ ನಡೆಯುತ್ತದೆ. ಅಲ್ಲಿನ ರೈತನಿಗೆ ಹರಾಜೂ ಕಾಣುವುದಿಲ್ಲ.

ಆದ್ದರಿಂದ ಸರ್ಕಾರ ಮೊದಲು ಕೈಹಾಕಿದ್ದು ಇಲ್ಲಿಗೇ. ಸರಬರಾಜುದಾರರ ಜೊತೆ ಸೂಪರ್‌ಮಾರ್ಕೆಟ್‌ಗಳು ಹೇಗೆ ನಡೆದುಕೊಳ್ಳಬೇಕು ಎಂಬ ಆಹಾರ ಮತ್ತು ದಿನಸಿ ಸಂಹಿತೆ 2015ರಿಂದಲೂ ಇತ್ತು. ಆದರೆ ಅದು ಐಚ್ಛಿಕ. ಇಷ್ಟವಿದ್ದವರು ಸಹಿ ಹಾಕಬಹುದಿತ್ತು, ಮುರಿದರೆ ದಂಡವಿರಲಿಲ್ಲ. ಮಾಜಿ ಸಚಿವ, ಅರ್ಥಶಾಸ್ತ್ರಜ್ಞ ಕ್ರೇಗ್ ಎಮರ್ಸನ್ 2024ರಲ್ಲಿ ಅದನ್ನು ಪರಿಶೀಲಿಸಿ ಕಡ್ಡಾಯ ಮಾಡಿ ಎಂದರು. 2025ರ ಏಪ್ರಿಲ್ 1ರಿಂದ ಅದು ಕಡ್ಡಾಯ. ವರ್ಷಕ್ಕೆ 500 ಕೋಟಿ ಡಾಲರಿಗಿಂತ ಹೆಚ್ಚು ವಹಿವಾಟಿರುವ ವೂಲ್‌ವರ್ತ್ಸ್, ಕೋಲ್ಸ್, ಆಲ್ಡಿ, ಮೆಟ್‌ಕ್ಯಾಶ್ ನಾಲ್ಕೂ ಇದರ ಕೆಳಗೆ ಬರುತ್ತವೆ. ಗಂಭೀರ ಉಲ್ಲಂಘನೆಗೆ ದಂಡ ಒಂದು ಕೋಟಿ ಡಾಲರ್, ಅಥವಾ ಅಕ್ರಮದಿಂದ ಬಂದ ಲಾಭದ ಮೂರು ಪಟ್ಟು, ಅಥವಾ ವರ್ಷದ ವಹಿವಾಟಿನ ಶೇ 10. ಇವುಗಳಲ್ಲಿ ಯಾವುದು ದೊಡ್ಡದೋ ಅಲ್ಲಿಯವರೆಗೆ. ಹೆಸರು ಹೇಳದೆ ದೂರು ಕೊಡುವ ದಾರಿಯನ್ನೂ ಆಯೋಗ ತೆರೆಯಿತು. ದಂಡದ ಮೊತ್ತಕ್ಕಿಂತ ಈ ಕೊನೆಯದೇ ಹೆಚ್ಚು ಉಪಯೋಗಕ್ಕೆ ಬಂದೀತು.

ರೈತನಿಗೆ ಒಳ್ಳೆಯದಾದರೆ ಗೃಹಿಣಿಗೆ ಹೇಗೆ ಒಳ್ಳೆಯದು ಎಂದು ಕೇಳಬಹುದು. ಆಸ್ಟ್ರೇಲಿಯಾದ ಹಾಲಿನ ಕಥೆ ಇದಕ್ಕೆ ಉತ್ತರ. 2011ರ ಜನವರಿ 26, ಅಲ್ಲಿನ ರಾಷ್ಟ್ರೀಯ ದಿನ, ಕೋಲ್ಸ್ ತನ್ನ ಬ್ರ್ಯಾಂಡಿನ ಹಾಲನ್ನು ಲೀಟರಿಗೆ ಒಂದು ಡಾಲರ್ ಮಾಡಿತು. ವೂಲ್‌ವರ್ತ್ಸ್, ಆಲ್ಡಿ ಹಿಂದೆಯೇ ಬಂದವು. ಗಿರಾಕಿಗಳಿಗೆ ಹಬ್ಬ. ಎಂಟು ವರ್ಷ ಆ ಬೆಲೆ ಅಲ್ಲಾಡಲಿಲ್ಲ. ಮೇವು, ವಿದ್ಯುತ್, ಕೂಲಿ ಎಲ್ಲ ಏರಿದರೂ ಹಾಲು ಒಂದೇ ಡಾಲರ್. ನೀರಿನ ಬಾಟಲಿಗಿಂತ ಹಾಲು ಅಗ್ಗವಾಯಿತು ಎಂದು ಹೈನುಗಾರರು ಬೀದಿಗಿಳಿದರು. ಅನೇಕರು ಕೊಟ್ಟಿಗೆ ಮುಚ್ಚಿದರು. 2019ರ ಫೆಬ್ರುವರಿ-ಮಾರ್ಚಿನಲ್ಲಿ ಮೂರೂ ಕಂಪನಿಗಳು ಬೆಲೆ ಏರಿಸಿ ಆ ಅಧ್ಯಾಯ ಮುಗಿಸಿದವು. ರೈತನಿಗೆ ಗಿಟ್ಟದ ಬೆಲೆ ಗಿರಾಕಿಗೂ ಕೊನೆಯವರೆಗೆ ಉಳಿಯಲಿಲ್ಲ. ಅಗ್ಗದ ಬೆಲೆಯೆಲ್ಲ ನ್ಯಾಯದ ಬೆಲೆಯಲ್ಲ ಎಂದು ಹೇಳಲು ಇಷ್ಟು ದೂರದ ಉದಾಹರಣೆ ಬೇಕಿರಲಿಲ್ಲವೇನೋ. ಹಾಲಿನ ದರದ ಚರ್ಚೆ ನಮ್ಮಲ್ಲೂ ಪ್ರತಿ ಸಲ ಗಿರಾಕಿ ಮತ್ತು ರೈತನ ನಡುವೆ ಹಗ್ಗ ಹಿಡಿದು ನಿಲ್ಲುತ್ತದೆ.

ಹಳೆಯ ಪ್ರಯತ್ನ, ಹೊಸ ಪ್ರಯತ್ನ

ಕ್ರೇಗ್ ಎಮರ್ಸನ್ ಹೆಸರು ಇಲ್ಲಿ ಎರಡನೆಯ ಸಲ ಬರಬೇಕು. 2008ರಲ್ಲಿ ಕೆವಿನ್ ರಡ್ ಸರ್ಕಾರ ‘ಗ್ರಾಸರಿ ಚಾಯ್ಸ್’ ಎಂಬ ಜಾಲತಾಣ ತೆರೆದಿತ್ತು. ಯಾವ ಪ್ರದೇಶದಲ್ಲಿ ಯಾವ ಸೂಪರ್‌ಮಾರ್ಕೆಟ್ ಅಗ್ಗ ಎಂದು ಜನರಿಗೆ ತಿಳಿಸುವ ಉದ್ದೇಶ. ಆದರೆ ತಿಂಗಳಿಗೊಮ್ಮೆ, ಇಡೀ ಪ್ರದೇಶಕ್ಕೆ ಸರಾಸರಿಯಾಗಿ ಬರುತ್ತಿದ್ದ ದರ ಯಾರ ಉಪಯೋಗಕ್ಕೂ ಬರಲಿಲ್ಲ. ಇವತ್ತು ಸಂಜೆ ನಾನು ಹೋಗುವ ಅಂಗಡಿಯಲ್ಲಿ ಟೊಮೆಟೊ ಎಷ್ಟು ಎನ್ನುವುದನ್ನು ಅದು ಹೇಳುತ್ತಿರಲಿಲ್ಲ. ಗ್ರಾಹಕ ಸಂಸ್ಥೆ ‘ಚಾಯ್ಸ್’ಗೆ ಅದನ್ನು ವಹಿಸಿ, ಪ್ರತಿ ಅಂಗಡಿಯ ದರ ಕೊಡುವಂತೆ ಹೊಸದಾಗಿ ರೂಪಿಸುವ ಕೆಲಸ ನಡೆಯಿತು. ಹೊಸ ತಾಣ ತೆರೆಯಲು ಕೆಲವೇ ದಿನ ಇರುವಾಗ, 2009ರ ಜೂನ್‌ನಲ್ಲಿ, ಆಗಷ್ಟೇ ಗ್ರಾಹಕ ವ್ಯವಹಾರಗಳ ಸಚಿವರಾಗಿದ್ದ ಎಮರ್ಸನ್ ಇದು ಆಗದ ಕೆಲಸ ಎಂದು ಬಾಗಿಲು ಹಾಕಿದರು. ಕಂಪನಿಗಳು ದರ ಕೊಡಲು ತಯಾರಿರಲಿಲ್ಲ.

ಹದಿನೈದು ವರ್ಷ ಕಳೆದು 2024ರಲ್ಲಿ ಸರ್ಕಾರ ಅದೇ ‘ಚಾಯ್ಸ್’ಗೆ ಮತ್ತೆ ಹಣ ಕೊಟ್ಟಿತು. ಈ ಸಲ ಕಂಪನಿಗಳ ಒಪ್ಪಿಗೆಗೆ ಕಾಯಲಿಲ್ಲ. ಸಂಸ್ಥೆಯವರು ಗುಟ್ಟಾಗಿ ಅಂಗಡಿಗಳಿಗೆ ಹೋಗಿ ದರ ಬರೆದುಕೊಂಡು ಬಂದರು. ಆ ವರ್ಷ ಜೂನ್‌ನ ಮೊದಲ ವರದಿಯಲ್ಲಿ 14 ವಸ್ತುಗಳ ಬುಟ್ಟಿ, ಆಫರ್ ಬಿಟ್ಟು ಲೆಕ್ಕ ಹಾಕಿದರೆ, ಆಲ್ಡಿಯಲ್ಲಿ 51.51 ಡಾಲರ್, ವೂಲ್‌ವರ್ತ್ಸ್‌ನಲ್ಲಿ 68.58, ಕೋಲ್ಸ್‌ನಲ್ಲಿ 69.33. ದೊಡ್ಡವರಿಬ್ಬರ ನಡುವಿನ ಅಂತರ ಒಂದು ಡಾಲರಿಗಿಂತ ಕಡಿಮೆ! ಇಬ್ಬರೂ ಒಳಗೊಳಗೆ ಮಾತಾಡಿಕೊಂಡಿದ್ದಾರೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಎದುರಿನವನ ಬೆಲೆ ದಿನವೂ ಕಣ್ಣಿಗೆ ಬೀಳುವಾಗ ಮಾತಾಡಿಕೊಳ್ಳುವ ಅಗತ್ಯವೂ ಇರುವುದಿಲ್ಲ.

ಇಷ್ಟೆಲ್ಲದರ ನಡುವೆ ಗದ್ದಲವಿಲ್ಲದೆ ಕೆಲಸ ಮಾಡಿದ್ದು 2009ರ ಒಂದು ನಿಯಮ: ಏಕಮಾನ ಬೆಲೆ. ದೊಡ್ಡ ಸೂಪರ್‌ಮಾರ್ಕೆಟ್‌ಗಳು ಪೊಟ್ಟಣದ ಬೆಲೆಯ ಪಕ್ಕದಲ್ಲೇ ನೂರು ಗ್ರಾಮಿಗೆಷ್ಟು, ಲೀಟರಿಗೆಷ್ಟು ಎಂದು ಬರೆಯಲೇಬೇಕು. 750 ಗ್ರಾಮಿನದು ಅಗ್ಗವೋ 1.1 ಕಿಲೋದ್ದು ಅಗ್ಗವೋ ಎಂದು ಮನಸ್ಸಿನಲ್ಲೇ ಭಾಗಾಕಾರ ಮಾಡುವ ಕಷ್ಟ ತಪ್ಪಿತು. ‘ಫ್ಯಾಮಿಲಿ ಪ್ಯಾಕ್’ ಎಂದು ಬರೆದದ್ದೆಲ್ಲ ಅಗ್ಗವಲ್ಲ ಎಂಬ ಸಂಗತಿ ಹೊರಬಿತ್ತು. ಇದರಲ್ಲೂ ಕೊರತೆಗಳಿವೆ. ಅಕ್ಷರ ಸಣ್ಣದು, ಬಟ್ಟೆ ಸೋಪಿನ ಪುಡಿಗೆ ಕಿಲೋ ಲೆಕ್ಕ, ದ್ರವಕ್ಕೆ ಲೀಟರ್ ಲೆಕ್ಕ, ಹೋಲಿಸುವುದು ಹೇಗೆ? ಪೊಟ್ಟಣದ ಬೆಲೆ ಅಷ್ಟೇ ಇಟ್ಟು ಒಳಗಿನ ಮಾಲು ಕಡಿಮೆ ಮಾಡುವ ಉಪಾಯವನ್ನು ಏಕಮಾನ ಬೆಲೆ ಹಿಡಿಯುತ್ತದೆ ನಿಜ, ಆದರೆ ಹೋದ ತಿಂಗಳ ಏಕಮಾನ ಬೆಲೆ ನೆನಪಿಟ್ಟುಕೊಂಡವರಿಗೆ ಮಾತ್ರ. ಫ್ರಾನ್ಸ್ ಇದಕ್ಕೆ ನೇರವಾದ ಮದ್ದು ಮಾಡಿದೆ. 2024ರ ಜುಲೈ 1ರಿಂದ ಅಲ್ಲಿನ ದೊಡ್ಡ ಅಂಗಡಿಗಳು ಅಂಥ ವಸ್ತುವಿನ ಪಕ್ಕದಲ್ಲೇ ‘ಇದರ ಪ್ರಮಾಣ ಇಷ್ಟು ಕಡಿಮೆಯಾಗಿದೆ, ಕಿಲೋ ಬೆಲೆ ಇಷ್ಟು ಏರಿದೆ’ ಎಂದು ಎರಡು ತಿಂಗಳು ಬೋರ್ಡು ಹಾಕಬೇಕು. ಇಂಥದ್ದೇ ತಿಳಿವಳಿಕೆ ಪತ್ರ ಗ್ರಾಹಕರಿಗೆ ಸಿಗಬೇಕೆಂದು ಎಸಿಸಿಸಿಯೂ ಶಿಫಾರಸು ಮಾಡಿದೆ.

ಆಸ್ಟ್ರೇಲಿಯಾದ ಮರುಭೂಮಿಯ ಒಳನಾಡಿನಲ್ಲಿರುವ ಮೂಲನಿವಾಸಿಗಳ ಹಳ್ಳಿಗಳಲ್ಲಿ ಮಾತ್ರ ಬೋರ್ಡಿನಿಂದ ಏನೂ ಆಗದು. ಊರಿಗೆ ಒಂದೇ ಅಂಗಡಿ, ಸಾಗಣೆಯ ಖರ್ಚು ವಿಪರೀತ, ದಿನಸಿಯ ಬೆಲೆ ನಗರದ ದುಪ್ಪಟ್ಟು. ಅಲ್ಲಿ 76 ಅಂಗಡಿಗಳಲ್ಲಿ 30 ಅಗತ್ಯ ವಸ್ತುಗಳನ್ನು ನಗರದ ದರಕ್ಕೇ ಸಿಗುವಂತೆ ಮಾಡುವ ಸಹಾಯಧನ ಯೋಜನೆಯನ್ನು ಸರ್ಕಾರ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಸರ್ಕಾರ ನೇರವಾಗಿ ಕೈಯಿಂದ ದುಡ್ಡು ಹಾಕಬೇಕಾದ ಜಾಗ ಇದು.

ಅತಿ ಎಂದರೆ ಎಷ್ಟು?

2025ರ ಮೇ ಚುನಾವಣೆಗೆ ಮೊದಲು ಆಲ್ಬನೀಸ್ ಇನ್ನೂ ಒಂದು ಭರವಸೆ ಕೊಟ್ಟಿದ್ದರು: ಸೂಪರ್‌ಮಾರ್ಕೆಟ್‌ಗಳ ‘ಬೆಲೆ ಸುಲಿಗೆ’ಯನ್ನೇ ಕಾನೂನುಬಾಹಿರ ಮಾಡುತ್ತೇವೆ. ಗೆದ್ದ ಮೇಲೆ ಡಿಸೆಂಬರ್‌ನಲ್ಲಿ ನಿಯಮದ ರೂಪ ಹೊರಬಂತು. ಜಾರಿಯ ದಿನಾಂಕ 2026ರ ಜುಲೈ 1. ವಹಿವಾಟು 3,000 ಕೋಟಿ ಡಾಲರ್ ಮೀರಿದ ಚಿಲ್ಲರೆ ಮಾರಾಟಗಾರರಿಗೆ ಮಾತ್ರ ಅನ್ವಯ, ಅಂದರೆ ಆ ಇಬ್ಬರಿಗೆ. ಸರಕು ಪೂರೈಸುವ ವೆಚ್ಚ ಮತ್ತು ಅದರ ಮೇಲೆ ಸಮಂಜಸವಾದ ಲಾಭ, ಇವೆರಡನ್ನು ಕೂಡಿದ್ದಕ್ಕಿಂತ ಅತಿಯಾದ ಬೆಲೆ ಕೇಳಬಾರದು.

ಓದಲು ಚೆನ್ನಾಗಿದೆ. ‘ಸಮಂಜಸ’ ಎಷ್ಟು, ‘ಅತಿ’ ಎಷ್ಟು? ಸಾವಿರಾರು ವಸ್ತುಗಳಿರುವ ಅಂಗಡಿಯಲ್ಲಿ ಬಾಡಿಗೆ, ಕರೆಂಟು, ಸಂಬಳದ ಎಷ್ಟು ಪಾಲನ್ನು ಒಂದು ಓರಿಯೋ ಪೊಟ್ಟಣದ ತಲೆಗೆ ಕಟ್ಟುತ್ತೀರಿ? ಹಾಲನ್ನು ನಷ್ಟಕ್ಕೆ ಮಾರಿ ಚಾಕೊಲೇಟಿನಲ್ಲಿ ಹಿಂದಕ್ಕೆ ತೆಗೆದುಕೊಂಡರೆ ಅದು ಸುಲಿಗೆಯೋ ವ್ಯಾಪಾರವೋ? ವಕೀಲರಿಗೆ ವರ್ಷಗಟ್ಟಲೆ ಕೆಲಸ ಸಿಗುವ ಸಾಲು ಇದು.

ಈ ದಾರಿಯಲ್ಲಿ ನಾವು ಒಮ್ಮೆ ನಡೆದು ನೋಡಿದ್ದೇವೆ. 2017ರಲ್ಲಿ ಜಿಎಸ್‌ಟಿ ಬಂದಾಗ ತೆರಿಗೆ ಇಳಿದರೆ ಬೆಲೆಯೂ ಅಷ್ಟೇ ಇಳಿಯಬೇಕು ಎಂದು ಕಾಯ್ದೆಯ 171ನೇ ಸೆಕ್ಷನ್ನಿನಲ್ಲಿ ಬರೆಯಲಾಯಿತು. ಅದನ್ನು ನೋಡಿಕೊಳ್ಳಲು ರಾಷ್ಟ್ರೀಯ ಲಾಭಕೋರತನ ತಡೆ ಪ್ರಾಧಿಕಾರ ಹುಟ್ಟಿತು. 2018ರ ಕೊನೆಗೆ ಹಿಂದೂಸ್ತಾನ್ ಯೂನಿಲಿವರ್ ಮೇಲೆ 383 ಕೋಟಿ ರೂಪಾಯಿಯ ಆದೇಶ ಬಂತು. ಬೇರೆ ಕಂಪನಿಗಳ ಮೇಲೂ ಆದೇಶಗಳಾದವು. ಹಲವರು ಕೋರ್ಟಿಗೆ ಹೋದರು. ಲಾಭ ದಾಟಿಸಿದ್ದೀರೋ ಇಲ್ಲವೋ ಎಂದು ಲೆಕ್ಕ ಹಾಕಲು ನಿಗದಿತ ವಿಧಾನವೇ ಇಲ್ಲ ಎನ್ನುವುದು ಅವರ ಮುಖ್ಯ ತಕರಾರು. 2022ರ ಡಿಸೆಂಬರ್‌ನಲ್ಲಿ ಪ್ರಾಧಿಕಾರ ಹೋಗಿ ಕೆಲಸ ಭಾರತದ ಸ್ಪರ್ಧಾ ಆಯೋಗಕ್ಕೆ ಬಂತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಆ ಸೆಕ್ಷನ್ ಸಂವಿಧಾನಬದ್ಧ ಎಂದಿತು. ಅದೇ ವರ್ಷ ಕೆಲಸ ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿಗೆ ದಾಟಿತು. 2025ರ ಏಪ್ರಿಲ್ 1ರಿಂದ ಹೊಸ ದೂರು ಸ್ವೀಕರಿಸುವುದೇ ನಿಂತಿತು. ಆರು ತಿಂಗಳೊಳಗೆ, ಸೆಪ್ಟೆಂಬರ್ 22ರಂದು, ಸೋಪು, ಶಾಂಪೂ, ಬಿಸ್ಕತ್ತು ಇತ್ಯಾದಿಗಳ ಮೇಲಿನ ಜಿಎಸ್‌ಟಿ ಶೇ 5ಕ್ಕೆ ಇಳಿಯಿತು! ಕಾವಲುಗಾರನನ್ನು ಮನೆಗೆ ಕಳಿಸಿದ ಮೇಲೆ ಜಾತ್ರೆ ನಡೆಸಿದಂತಾಯಿತು.

ಬೆಲೆಗೇ ಬೀಗ ಹಾಕಿದರೆ ಆಗದೇ ಎನ್ನುವವರು ಹಂಗರಿ ನೋಡಬೇಕು. ಅಲ್ಲಿನ ಓರ್ಬಾನ್ ಸರ್ಕಾರ 2022ರ ಫೆಬ್ರುವರಿಯಲ್ಲಿ ಸಕ್ಕರೆ, ಗೋಧಿ ಹಿಟ್ಟು, ಸೂರ್ಯಕಾಂತಿ ಎಣ್ಣೆ, ಹಾಲು ಮೊದಲಾದ ಆರು ವಸ್ತುಗಳ ಬೆಲೆಯನ್ನು ಹಿಂದಿನ ಅಕ್ಟೋಬರ್ ಮಟ್ಟಕ್ಕೆ ಕಟ್ಟಿಹಾಕಿತು. ಆಮೇಲೆ ಮೊಟ್ಟೆ, ಆಲೂಗೆಡ್ಡೆಯನ್ನೂ ಸೇರಿಸಿತು. ಅಂಗಡಿಗಳು ಒಬ್ಬರಿಗೆ ಇಷ್ಟೇ ಸಕ್ಕರೆ ಎಂದು ಮಿತಿ ಹಾಕಿದವು. ಆ ವಸ್ತುಗಳಲ್ಲಾದ ನಷ್ಟವನ್ನು ಉಳಿದವುಗಳ ಮೇಲೆ ಹೇರಿದವು. 2023ರ ಜನವರಿಯಲ್ಲಿ ಹಂಗರಿಯ ಹಣದುಬ್ಬರ ಶೇ 25.7, ಐರೋಪ್ಯ ಒಕ್ಕೂಟದಲ್ಲೇ ಅತಿ ಹೆಚ್ಚು. ಆಹಾರದ್ದು ಶೇ 40 ದಾಟಿತ್ತು. ಹಂಗರಿಯ ಹಣದುಬ್ಬರಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಬೆಲೆಕಟ್ಟು ಮನೆಖರ್ಚನ್ನು ಉಳಿಸಲಿಲ್ಲ ಎನ್ನುವುದಂತೂ ಸ್ಪಷ್ಟ. 2023ರ ಆಗಸ್ಟ್‌ನಲ್ಲಿ ಅದನ್ನು ತೆಗೆದರು. 2025ರ ಮಾರ್ಚ್‌ನಲ್ಲಿ ಅದೇ ಸರ್ಕಾರ 30 ಬಗೆಯ ಆಹಾರಕ್ಕೆ ಅಂಗಡಿಯ ಲಾಭಾಂಶ ಶೇ 10 ಮೀರಬಾರದೆಂದು ಇನ್ನೊಂದು ರೂಪದಲ್ಲಿ ಮತ್ತೆ ಬಂತು.

ಕಂಪನಿಗಳನ್ನೇ ಒಡೆಯಬೇಕೆಂಬ ಮಾತೂ ಆಸ್ಟ್ರೇಲಿಯಾದಲ್ಲಿ ನಡೆಯಿತು. ಎಡಪಂಥೀಯ ಗ್ರೀನ್ಸ್ ಮತ್ತು ಬಲಪಂಥೀಯ ವಿರೋಧ ಪಕ್ಷಗಳ ಒಕ್ಕೂಟ ಎರಡೂ ಇದಕ್ಕೆ ಕೈಯೆತ್ತಿದ್ದು ಅಪರೂಪ. ಫೆಲ್ಸ್ ಪರವಾಗಿದ್ದರು, ಎಮರ್ಸನ್ ಬೇಡವೆಂದರು, ಸರ್ಕಾರ ಒಪ್ಪಲಿಲ್ಲ. ಸಣ್ಣ ಊರಿನ ಕೋಲ್ಸ್ ಅಂಗಡಿಯನ್ನು ಮಾರಲು ಹೇಳಿದರೆ ಕೊಳ್ಳುವವರು ಯಾರು? ವೂಲ್‌ವರ್ತ್ಸ್ ಕೊಂಡರೆ ಆಯಿತು ಕಥೆ. ಅದಕ್ಕಿಂತ ಕಡಿಮೆ ಸದ್ದಿನ, ಹೆಚ್ಚು ಫಲದ ಕೆಲಸ ಜಮೀನಿನದು. ಎರಡೂ ಕಂಪನಿಗಳು ಅಂಗಡಿ ಕಟ್ಟದೆ ಖಾಲಿ ಬಿಟ್ಟಿರುವ ನಿವೇಶನಗಳು ಸಾಕಷ್ಟಿವೆ. ಒಳ್ಳೆಯ ಜಾಗ ಅವರ ಹೆಸರಲ್ಲಿದ್ದಷ್ಟು ಕಾಲ ಮೂರನೆಯವನು ಅಲ್ಲಿಗೆ ಬರುವಂತಿಲ್ಲ. ನಗರ ಯೋಜನೆಯ ನಿಯಮ ಸಡಿಲಿಸಿ ಹೊಸಬರಿಗೆ ಜಾಗ ಸಿಗುವಂತೆ ಮಾಡಿ ಎಂದು ಎಸಿಸಿಸಿ ಹೇಳಿದ್ದು ಇದಕ್ಕೇ. ಇದು ಪತ್ರಿಕೆಯ ಮುಖಪುಟಕ್ಕೆ ಬರುವ ಸುದ್ದಿಯಲ್ಲ. ಫಲ ಕಾಣಲು ಹತ್ತು ವರ್ಷ ಬೇಕು, ಚುನಾವಣೆ ಮೂರು ವರ್ಷಕ್ಕೊಮ್ಮೆ.

ನಮ್ಮ ಪೊಟ್ಟಣದ ಮೇಲೆ

ಭಾರತದಲ್ಲಿ ಕುಳಿತು ಇದನ್ನು ಓದುವವರಿಗೆ, ನಮ್ಮಲ್ಲಿ ಎಂಆರ್‌ಪಿ ಇದೆಯಲ್ಲ, ಈ ತೊಂದರೆಯೇ ಇಲ್ಲ ಅನ್ನಿಸಬಹುದು. ಆಸ್ಟ್ರೇಲಿಯಾದಲ್ಲಿ ಹಾಗೆ ಅಚ್ಚಾದ ಬೆಲೆಯಿಲ್ಲ. ಕಪಾಟಿನ ಚೀಟಿಯೇ ಎಲ್ಲ. ನಮ್ಮಲ್ಲಿ 1990ರಿಂದ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಪೊಟ್ಟಣದ ಮೇಲೇ ಇರುತ್ತದೆ. ಆದರೆ ಆ ಗರಿಷ್ಠ ಎಷ್ಟಿರಬೇಕೆಂದು ತೀರ್ಮಾನಿಸುವವನು ತಯಾರಕ. ಅವನು ಇನ್ನೂರು ಎಂದು ಅಚ್ಚು ಹಾಕಿದರೆ ಅಂಗಡಿಯವನು ನೂರಕ್ಕೆ ಕೊಟ್ಟು ‘ಶೇ 50 ಕಡಿತ’ ಎನ್ನಬಹುದು. ಆ ವಸ್ತು ಇನ್ನೂರಕ್ಕೆ ಎಂದಾದರೂ ಒಂದು ದಿನ ಮಾರಾಟವಾಗಿತ್ತೇ ಎಂದು ಕೇಳುವವರಿಲ್ಲ. ಹತ್ತು ನಿಮಿಷಕ್ಕೆ ಮನೆಗೆ ತರುವ ಆ್ಯಪ್‌ಗಳಲ್ಲಿ ಗೆರೆ ಎಳೆದು ಹೊಡೆದುಹಾಕಿದ ಬೆಲೆಗಳನ್ನು ನೋಡಿ. ವೂಲ್‌ವರ್ತ್ಸ್‌ನ ಬಿಸ್ಕತ್ತಿಗೆ ಐದು ಡಾಲರಿನ ಬೆಲೆ 22 ದಿನವಾದರೂ ಇತ್ತು.

ಏಕಮಾನ ಬೆಲೆಯ ನಿಯಮ ನಮ್ಮಲ್ಲೂ ಬಂದಿದೆ. ಪೊಟ್ಟಣ ಸರಕು ನಿಯಮಗಳಿಗೆ 2021ರಲ್ಲಿ ತಿದ್ದುಪಡಿಯಾಗಿ, ಜಾರಿಯ ದಿನಾಂಕ ಕೆಲವು ಸಲ ಮುಂದಕ್ಕೆ ಹೋಗಿ, ಈಗ ಪೊಟ್ಟಣದ ಮೇಲೆ ಅದು ಅಚ್ಚಾಗುತ್ತಿದೆ. ಎಂಆರ್‌ಪಿ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ ‘ಪ್ರತಿ ಗ್ರಾಮಿಗೆ 0.38 ರೂಪಾಯಿ’ ಎಂಬಂತೆ ಇರುತ್ತದೆ. ಒಂದು ಕಿಲೋಗಿಂತ ಕಡಿಮೆ ತೂಕದ್ದಕ್ಕೆಲ್ಲ ಗ್ರಾಂ ಲೆಕ್ಕ ಎಂಬುದು ಇದರ ದೋಷ. 38 ಪೈಸೆಗೂ 41 ಪೈಸೆಗೂ ಇರುವ ವ್ಯತ್ಯಾಸ ಯಾರ ಕಣ್ಣಿಗೂ ದೊಡ್ಡದಾಗಿ ಕಾಣದು. ನೂರು ಗ್ರಾಮಿಗೆ 38 ರೂಪಾಯಿ, 41 ರೂಪಾಯಿ ಎಂದರೆ ಥಟ್ಟನೆ ತಿಳಿಯುತ್ತದೆ. ಕಪಾಟಿನ ಚೀಟಿಯಲ್ಲಿ, ದಪ್ಪ ಅಕ್ಷರದಲ್ಲಿ, ನೂರು ಗ್ರಾಮಿನ ಲೆಕ್ಕದಲ್ಲಿ ಬರೆಯಿರಿ ಎಂದು ಒಂದು ಸುತ್ತೋಲೆ ಹೊರಡಿಸಲು ಸರ್ಕಾರಕ್ಕೆ ಹೊಸ ಪ್ರಾಧಿಕಾರ ಬೇಕಿಲ್ಲ, ಸಹಾಯಧನ ಬೇಕಿಲ್ಲ. ಕಡಿತದ ಬೋರ್ಡು ಹಾಕುವವರು ಹಿಂದಿನ ಬೆಲೆ ಎಷ್ಟು ದಿನ ಚಾಲ್ತಿಯಲ್ಲಿತ್ತು ಎಂದು ಅದೇ ಬೋರ್ಡಿನಲ್ಲಿ ಹೇಳಬೇಕೆಂಬ ನಿಯಮಕ್ಕೂ ಬೊಕ್ಕಸದ ಹಣ ಖರ್ಚಾಗದು. ಬೆಲೆ ಎಷ್ಟಿರಬೇಕೆಂದು ಹೇಳುವುದು ಸರ್ಕಾರಗಳಿಗೆ ಕಷ್ಟದ ಕೆಲಸ. ಹೇಳಿದ ಬೆಲೆ ನಿಜವಾಗಿರಬೇಕೆಂದು ಹೇಳುವುದು ಕಷ್ಟವಲ್ಲ. ಆಸ್ಟ್ರೇಲಿಯಾದ ಸುಲಿಗೆ ನಿಷೇಧಕ್ಕಿಂತ ಅದರ ಓರಿಯೋ ಮೊಕದ್ದಮೆ ನನಗೆ ಹೆಚ್ಚು ಭರವಸೆಯದಾಗಿ ಕಾಣುವುದು ಈ ಕಾರಣಕ್ಕೆ.

ನಿಯಮ ಬರುವವರೆಗೆ ನಮ್ಮ ಕೈಲಿರುವುದು ಇಷ್ಟು. ಸೂಪರ್‌ಮಾರ್ಕೆಟಿನಲ್ಲಿ ದೊಡ್ಡ ಪೊಟ್ಟಣ ಎತ್ತುವ ಮೊದಲು ಸಣ್ಣದು, ದೊಡ್ಡದು ಎರಡರ ಮೇಲೂ ಅಚ್ಚಾಗಿರುವ ಗ್ರಾಂ ಬೆಲೆ ನೋಡಿ. ಪ್ರತಿ ತಿಂಗಳು ಕೊಳ್ಳುವ ಐದಾರು ವಸ್ತುಗಳ ಹಳೆಯ ಬಿಲ್ಲು ಎಸೆಯಬೇಡಿ. ತೂಕ ಯಾವಾಗ ಇಳಿಯಿತು, ಬೆಲೆ ಯಾವಾಗ ಏರಿತು ಎಂದು ಅದೇ ಹೇಳುತ್ತದೆ. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ, ಕಡಿತದ ಬೋರ್ಡು ಒಂದು ಹೇಳಿ ಬಿಲ್ಲು ಇನ್ನೊಂದು ಹೇಳಿದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲು ಕೈಯಲ್ಲಿರಲಿ.